ಎದ್ದ ಮೊಳೆ

ಕನ್ನಡದಲ್ಲಿ 'ಮೊಳೆ' ಎಂಬ ಮಾತಿಗೆ ಎರಡು ಅರ್ಥಗಳುಂಟು. ಬೀಜದಿಂದ ಹೊರಟ ಕುಡಿಯೂ ಮೊಳೆ, ಬಡಿಗನು ಹಲಗೆಗೆ ಹೊಡೆಯುವ ಕಬ್ಬಿಣದ ಕಡ್ಡಿಯೂ ಮೊಳೆ. ಒಂದು ನೆಲವನ್ನು ಸೀಳಿಕೊಂಡು ಮೇಲಕ್ಕೆ ಬರುತ್ತದೆ, ಇನ್ನೊಂದು ಮರವನ್ನು ಸೀಳಿಕೊಂಡು ಒಳಕ್ಕೆ ಹೋಗುತ್ತದೆ. ಇಷ್ಟು ವಿರುದ್ಧವಾದ ಎರಡು ವಸ್ತುಗಳಿಗೆ ನಮ್ಮ ಹಿರಿಯರು ಒಂದೇ ಹೆಸರನ್ನೇಕೆ ಇಟ್ಟರೆಂದು ಕೇಳಬಹುದು. ಎರಡರ ಆಕಾರವೂ ಮೊನಚು ಎಂಬುದು ಸುಲಭದ ಉತ್ತರ. ಆದರೆ ಮನೆ ಕಟ್ಟಿಸಿ ಹತ್ತು ವರ್ಷ ಅದರಲ್ಲಿ ಬಾಳಿದವರಿಗೆ ಇನ್ನೊಂದು ಉತ್ತರವೂ ತಿಳಿದಿದೆ. ಕಬ್ಬಿಣದ ಮೊಳೆಯೂ ಮೊಳೆಯುತ್ತದೆ. ತಲೆ ಸಮನಾಗಿ ಕೂಡುವಂತೆ ಹೊಡೆದ ಮೊಳೆ ಒಂದು ದಿನ ಕದದ ಮೇಲೆ ಎದ್ದು ನಿಂತಿರುತ್ತದೆ. ಸೀರೆಯ ಸೆರಗನ್ನು ಹಿಡಿಯುತ್ತದೆ, ಮಗುವಿನ ಅಂಗೈಯನ್ನು ಗೀರುತ್ತದೆ. ಆಗ ಮನೆಯವರು ರುಬ್ಬುವ ಗುಂಡನ್ನೋ ಸುತ್ತಿಗೆಯನ್ನೋ ತಂದು ಅದರ ತಲೆಯ ಮೇಲೆ ನಾಲ್ಕು ಬಾರಿಸುತ್ತಾರೆ. ಮೊಳೆ ಒಳಗೆ ಹೋಗುತ್ತದೆ, ಮುಂದಿನ ಬೇಸಗೆಗೆ ಮತ್ತೆ ಏಳುತ್ತದೆ.

ಈ ಎದ್ದ ಮೊಳೆಯ ಇತಿಹಾಸವನ್ನು ಕುರಿತು ನಾನು ಕೆಲವು ಮಾತು ಹೇಳಬೇಕೆಂದಿದ್ದೇನೆ. ರಾಜರ ಇತಿಹಾಸವಿದೆ, ಕೋಟೆಗಳ ಇತಿಹಾಸವಿದೆ. ಮೊಳೆಗೆ ಎಂಥ ಇತಿಹಾಸ ಎಂದು ತಾವು ನಗಬಹುದು. ಆದರೆ ಮನುಷ್ಯನು ತಲೆಯ ಮೇಲೊಂದು ಮಾಳಿಗೆಯನ್ನು ಹೇಗೆ ನಿಲ್ಲಿಸಿಕೊಂಡ, ಹೇಗೆ ಉಳಿಸಿಕೊಂಡ ಎಂಬುದು ಸಣ್ಣ ಚರಿತ್ರೆಯಲ್ಲ. ಆ ಚರಿತ್ರೆಯಲ್ಲಿ ಮೊಳೆಗೂ ಒಂದು ಪುಟವಿದೆ.

ನನ್ನ ಮಾತಿನ ನೆಲ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆ. ಉತ್ತರಕ್ಕೆ ಭೀಮಾ, ದಕ್ಷಿಣಕ್ಕೆ ಕೃಷ್ಣಾ, ನಡುವೆ ಡೋಣಿ. ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರು; ಅದರಲ್ಲೂ ಹೆಚ್ಚಿನದು ಭಾದ್ರಪದ ಆಶ್ವಯುಜಗಳ ಸುಮಾರಿಗೆ ಬರುವಂಥದು. ಬೇಸಗೆಯಲ್ಲಿ ಉಷ್ಣಮಾನ 40 ಡಿಗ್ರಿಯನ್ನು ದಾಟುತ್ತದೆ. ನೆಲ ಎರೆಭೂಮಿ. ಮಳೆ ಬಿದ್ದರೆ ಈ ಮಣ್ಣು ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಾಯಿ ಬಿಡುತ್ತದೆ. ಬೇಸಗೆಯ ಹೊಲದಲ್ಲಿ ಕೈ ಇಳಿಯುವಷ್ಟು ಬಿರುಕುಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಂಥ ನೆಲದ ಮೇಲೆ ನಿಂತ ಮನೆ ಎಂದಿಗೂ ಪೂರ್ತಿ ನಿಶ್ಚಲವಾಗಿರದು.

ಈ ಸೀಮೆಯ ಹಳೆಯ ಮನೆಗಳನ್ನು ಅಂಕಣಗಳಲ್ಲಿ ಎಣಿಸುತ್ತಾರೆ. ಕಲ್ಲು ಮಣ್ಣಿನ ದಪ್ಪ ಗೋಡೆ, ಒಳಗೆ ಸಾಲುಗಂಬಗಳು, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಎಲ್ಲದರ ಮೇಲೆ ಮಣ್ಣಿನ ಮಾಳಿಗೆ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕಿ ಬಡಿಯುವುದು ವಾಡಿಕೆ. ಕಾಡು ಕಡಮೆಯಾದ ಈ ನಾಡಿಗೆ ಒಳ್ಳೆಯ ಸಾಗವಾನಿ ಪಶ್ಚಿಮದ ಕಾಡುಗಳಿಂದ ಬರಬೇಕು. ಇದ್ದವರು ತರಿಸಿದರು, ಇಲ್ಲದವರು ಹೊಲದ ಬದುವಿನ ಬೇವು, ಜಾಲಿಗಳನ್ನೇ ಕಡಿದು ತೊಲೆ, ಜಂತಿ ಮಾಡಿಕೊಂಡರು. ಹೀಗೆ ಕಡಿದ ಮರ ಪೂರ್ತಿ ಒಣಗುವವರೆಗೆ ಕಾಯುವ ಅನುಕೂಲ ಎಲ್ಲರಿಗೂ ಇರಲಿಲ್ಲ. ಎದ್ದ ಮೊಳೆಯ ಕಥೆ ಇಲ್ಲಿಂದ ಮೊದಲಾಗುತ್ತದೆ.

ಮೊಳೆ ಏಕೆ ಏಳುತ್ತದೆ? ಮರ ಸತ್ತ ಮೇಲೂ ನೀರು ಕುಡಿಯುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಆಗತಾನೆ ಕಡಿದ ಮರದಲ್ಲಿ ನೀರಿನಂಶ ಅದರ ಒಣ ತೂಕದ ನೂರಕ್ಕೆ 30ನ್ನು ಮೀರಿರುತ್ತದೆ. ಆ ಮಟ್ಟದಿಂದ ಕೆಳಗಿಳಿಯುತ್ತ ಹೋದಂತೆ ಮರ ಕುಗ್ಗತೊಡಗುತ್ತದೆ. ಉದ್ದದಲ್ಲಿ ಅದು ಕುಗ್ಗುವುದು ಅತ್ಯಲ್ಪ, ಅಡ್ಡದಲ್ಲಿ ಕುಗ್ಗುತ್ತದೆ. ಅದರಲ್ಲಿಯೂ ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಕುಗ್ಗುವಿಕೆ ಉಂಗುರಗಳಿಗೆ ಅಡ್ಡವಾಗಿ ಆಗುವುದರ ಸುಮಾರು ಎರಡರಷ್ಟು. ಈಗ ಹಸಿ ತೊಲೆಯೊಂದಕ್ಕೆ ಎರಡು ಇಂಚು ಆಳಕ್ಕೆ ಮೊಳೆ ಹೊಡೆದಿದ್ದೇವೆ ಎಂದುಕೊಳ್ಳೋಣ. ಮೊಳೆಯ ತುದಿಯನ್ನು ಮರದ ನಾರುಗಳು ಆಳದಲ್ಲಿ ಬಿಗಿಯಾಗಿ ಹಿಡಿದಿವೆ. ತೊಲೆ ಒಣಗಿ ದಪ್ಪ ಕಡಮೆಯಾದಂತೆ ಅದರ ಮೇಲ್ಮೈ ಕೆಳಗಿಳಿಯುತ್ತದೆ. ಕಬ್ಬಿಣ ಮಾತ್ರ ಇದ್ದಷ್ಟೇ ಉದ್ದವಿರುತ್ತದೆ. ನಾವು ಮೊಳೆ ಎದ್ದಿತು ಎನ್ನುತ್ತೇವೆ. ನಿಜವಾಗಿ ಮೊಳೆ ಇದ್ದಲ್ಲೇ ಇದೆ, ಮರ ಇಳಿದಿದೆ.

ಇದು ಮೊದಲ ಒಂದೆರಡು ವರ್ಷಗಳ ಮಾತು. ಆಮೇಲೆ ಋತುಗಳ ಕೆಲಸ ಆರಂಭವಾಗುತ್ತದೆ. ಮಳೆಗಾಲದ ತೇವಕ್ಕೆ ಮರ ಉಬ್ಬಿ ಮೊಳೆಯ ತಲೆಯನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆ ಎಳೆಯುತ್ತದೆ. ಬೇಸಗೆಯಲ್ಲಿ ಮರ ಹಿಂದಿರುಗುತ್ತದೆ, ಮೊಳೆ ಹಿಂದಿರುಗುವುದಿಲ್ಲ. ವರ್ಷ ವರ್ಷವೂ ಕೂದಲೆಳೆಗೆ ಕೂದಲೆಳೆ ಸೇರುತ್ತದೆ. ಇನ್ನೊಂದು ಸೂಕ್ಷ್ಮವಿದೆ. ಮೊಳೆ ಹಸಿ ಮರದಲ್ಲಿ ಎಷ್ಟು ಆಳಕ್ಕೆ ಇಳಿದಿದೆಯೋ ಅಷ್ಟಷ್ಟು ಹೆಚ್ಚಾಗಿ ಅದು ಹೊರಗೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಮೊಳೆ ಎದ್ದರೆ ಇನ್ನೂ ಉದ್ದದ ಮೊಳೆ ಹೊಡೆಯಬೇಕೆಂಬ ನಂಬಿಕೆ ಹಸಿ ಮರದ ಮಟ್ಟಿಗೆ ತಿರುಗುಬಾಣವಾಗುತ್ತದೆ.

ಹಳೆಯ ಬಡಿಗರು ಈ ಲೆಕ್ಕಗಳನ್ನು ಬರೆದಿಡಲಿಲ್ಲ. ಆದರೆ ಅವರ ಕೆಲಸವನ್ನು ನೋಡಿದರೆ ಅವರಿಗೆ ಇದೆಲ್ಲ ಗೊತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ. ಹಳೆಯ ಅಂಕಣದ ಮನೆಯಲ್ಲಿ ಕಂಬ, ತೊಲೆಗಳ ಕೂಡಿಕೆಯನ್ನು ದೀಪ ಹಿಡಿದು ನೋಡಿದರೆ ಕಬ್ಬಿಣ ಅಪರೂಪ. ಒಂದು ಮರದ ತುದಿಯನ್ನು ನಾಲಿಗೆಯಂತೆ ಕಡೆದು ಇನ್ನೊಂದರ ತೂತಿನಲ್ಲಿ ಕೂಡಿಸಿ, ಅಡ್ಡಲಾಗಿ ಮರದ ಬೆಣೆಯನ್ನೋ ಬಿದಿರಿನ ಮೊಳೆಯನ್ನೋ ಹೊಡೆದಿರುತ್ತಾರೆ. ಮರದೊಡನೆ ಬೆಣೆಯೂ ಉಬ್ಬುತ್ತದೆ, ಮರದೊಡನೆ ಬೆಣೆಯೂ ಕುಗ್ಗುತ್ತದೆ. ಅವುಗಳ ನಡುವೆ ಜಗಳ ಕಡಮೆ.

ಕಬ್ಬಿಣ ಕಡಮೆಯಾಗಿದ್ದುದಕ್ಕೆ ಜಾಣತನವೊಂದೇ ಕಾರಣವಲ್ಲ, ಬೆಲೆಯೂ ಕಾರಣ. ಕರ್ನಾಟಕಕ್ಕೆ ಕಬ್ಬಿಣ ಹೊಸದೇನಲ್ಲ. ಹಾವೇರಿ ಸೀಮೆಯ ಹಳ್ಳೂರಿನ ಅಗೆತದಲ್ಲಿ ಸಿಕ್ಕ ಕಬ್ಬಿಣದ ವಸ್ತುಗಳು ಕ್ರಿ. ಪೂ. 1000ದ ಸುಮಾರಿನವೆಂದು ಗಣಿಸಲಾಗಿದೆ. ಆದರೆ ಒಂದೊಂದು ಮೊಳೆಯನ್ನೂ ತಿದಿ ಊದಿ, ಕಾಸಿ, ಬಡಿದು, ಮೊನೆ ತೆಗೆದು, ತಲೆ ಕೂಡಿಸಬೇಕಿತ್ತು. ಆಡಮ್ ಸ್ಮಿತ್ 1776ರಲ್ಲಿ ಪ್ರಕಟಿಸಿದ ತನ್ನ ಅರ್ಥಶಾಸ್ತ್ರದ ಗ್ರಂಥದಲ್ಲಿ ಈ ಕೆಲಸವನ್ನು ಲೆಕ್ಕ ಹಾಕಿದ್ದಾನೆ. ಮೊಳೆ ಮಾಡುವುದನ್ನೇ ಕಸುಬಾಗಿ ಕಲಿತ ಹುಡುಗ ದಿನಕ್ಕೆ 2300ಕ್ಕೂ ಹೆಚ್ಚು ಮೊಳೆಗಳನ್ನು ಮಾಡಬಲ್ಲ. ಅದೇ ರೂಢಿಯಿಲ್ಲದ ಸಾಮಾನ್ಯ ಕಮ್ಮಾರ ಇನ್ನೂರು ಮುನ್ನೂರನ್ನು ಮೀರಲಾರ, ಅವೂ ಕೆಟ್ಟ ಮೊಳೆಗಳು. ನಮ್ಮ ಹಳ್ಳಿಯ ಕಮ್ಮಾರ ಈ ಎರಡನೆಯ ಬಗೆಯವನು. ಅವನು ಕುಳ ಬಡಿಯಬೇಕು, ಕುಡಗೋಲು ಹಣಿಯಬೇಕು, ಬಂಡಿಯ ಗಾಲಿಗೆ ಪಟ್ಟಿ ಹಾಕಬೇಕು. ಇದರ ನಡುವೆ ಮೊಳೆ. ಹಾಗಾಗಿ ಮೊಳೆಯನ್ನು ಎಲ್ಲಿ ಬೇಕೋ ಅಲ್ಲಿ ಮಾತ್ರ, ಒಮ್ಮೆ ಹೊಡೆದರೆ ಮೊಮ್ಮಕ್ಕಳ ಕಾಲಕ್ಕೂ ಏಳದಂತೆ ಹೊಡೆಯುವುದು ನೀತಿಯಾಯಿತು.

ಆ ಹೊಡೆಯುವ ರೀತಿಯನ್ನು ದೇಸಾಯರ ವಾಡೆಗಳ ಹೆಬ್ಬಾಗಿಲುಗಳಲ್ಲಿ ಇಂದಿಗೂ ನೋಡಬಹುದು. ಹೊರಗಿನಿಂದ ಕಾಣುವುದು ಗುಂಡನೆಯ ತಲೆಗಳ ಸಾಲು. ಅಲಂಕಾರವೆಂದೇ ನಾವು ತಿಳಿಯುತ್ತೇವೆ. ಕದದ ಹಿಂದೆ ಹೋಗಿ ನೋಡಬೇಕು. ಬೈರಿಗೆಯಿಂದ ಮೊದಲೇ ತೂತು ಕೊರೆದು, ಮೊಳೆಯನ್ನು ಹಲಗೆ, ಅಡ್ಡಪಟ್ಟಿ ಎರಡನ್ನೂ ದಾಟಿಸಿ, ಹಿಂದೆ ಹೊರಬಂದ ತುದಿಯನ್ನು ಮಡಿಚಿ ಮತ್ತೆ ಮರಕ್ಕೆ ಕೂಡಿಸಿರುತ್ತಾರೆ. ಕೆಲವೆಡೆ ತುದಿಗೊಂದು ಕಬ್ಬಿಣದ ಬಿಲ್ಲೆ ಹಾಕಿ ಅದರ ಮೇಲೆ ಬಡಿದಿರುತ್ತಾರೆ. ಇಂಥ ಮೊಳೆ ನಾರಿನ ಹಿಡಿತವನ್ನು ನಂಬಿ ನಿಂತಿಲ್ಲ. ಮರ ಎಷ್ಟು ಕುಗ್ಗಿದರೂ ಅದಕ್ಕೆ ಹಿಂದೆ ಸರಿಯಲು ದಾರಿಯಿಲ್ಲ. ದಖ್ಖನ್ನಿನ ಕೋಟೆಯ ಬಾಗಿಲುಗಳಿಗೆ ಆನೆಗಳನ್ನು ತಡೆಯಲು ಕೂಡಿಸುತ್ತಿದ್ದ ಉದ್ದನೆಯ ಮೊನೆಗಳು ಯುದ್ಧದ ಕಬ್ಬಿಣ. ವಾಡೆಯ ಬಾಗಿಲಿನ ಈ ಮೊಳೆಗಳು ಸಂಸಾರದ ಕಬ್ಬಿಣ. ವಿಜಯಪುರದ ಅಸಾರ ಮಹಲಿನಲ್ಲಿ, ಸುಮಾರು 1646ರಲ್ಲಿ ಕಟ್ಟಿದ ಆ ಕಟ್ಟಡದಲ್ಲಿ, ಎತ್ತರದ ನಾಲ್ಕು ತೇಗದ ಕಂಬಗಳು ಇಂದಿಗೂ ಮಾಳಿಗೆಯನ್ನು ಹೊತ್ತು ನಿಂತಿವೆ. ಕಲ್ಲಿನ ಗುಮ್ಮಟವನ್ನು ನೋಡಲು ಬಂದವರು ಮರದ ಈ ಕೆಲಸವನ್ನೂ ಒಂದು ಗಳಿಗೆ ನೋಡಬೇಕು.

ಬಡಿಗತನಕ್ಕೆ ಈ ನೆಲದಲ್ಲಿ ಮಾನವೂ ಇತ್ತು. ಬಸವನ ಬಾಗೇವಾಡಿ ಬಸವಣ್ಣನವರ ಹುಟ್ಟೂರು. ಅವರ ಕಾಲದ ಶರಣರಲ್ಲಿ ಬಾಚಿ ಹಿಡಿದು ಮರಗೆಲಸ ಮಾಡುತ್ತಿದ್ದ ಒಬ್ಬರನ್ನು ಇತಿಹಾಸವು ಬಾಚಿಕಾಯಕದ ಬಸವಣ್ಣನೆಂದೇ ಗುರುತಿಸಿದೆ. ಉಪಕರಣದ ಹೆಸರೇ ಮನುಷ್ಯನ ಹೆಸರಿಗೆ ಸೇರಿ, ಅದು ಗೌರವದ ಗುರುತಾದುದು ಸಣ್ಣ ಸಂಗತಿಯಲ್ಲ.

ಮೊಳೆಯ ಬೆಲೆ ಇಳಿದುದು ಯಂತ್ರದಿಂದ. 18ನೆಯ ಶತಮಾನದ ಕೊನೆಗೆ ಅಮೆರಿಕದಲ್ಲಿ ಕಬ್ಬಿಣದ ತಗಡಿನಿಂದ ಮೊಳೆ ಕತ್ತರಿಸುವ ಯಂತ್ರಗಳು ಬಂದವು. 19ನೆಯ ಶತಮಾನದಲ್ಲಿ ಯುರೋಪಿನಲ್ಲಿ ತಂತಿಯನ್ನು ತುಂಡರಿಸಿ ಮೊಳೆ ಮಾಡುವ ಪದ್ಧತಿ ಬೆಳೆಯಿತು. ಆ ಶತಮಾನ ಮುಗಿಯುವ ಹೊತ್ತಿಗೆ ತಂತಿಯ ಮೊಳೆ ಲೋಕವನ್ನು ಗೆದ್ದಿತ್ತು. ನಮ್ಮ ಸೀಮೆಗೆ 1884ರಲ್ಲಿ ಹೋಟಗಿಯಿಂದ ಗದಗಿನವರೆಗಿನ ರೈಲುದಾರಿ ತೆರೆಯಿತು. ಇಂಡಿ ರೋಡ್, ಬಸವನ ಬಾಗೇವಾಡಿ ರೋಡ್ ಎಂಬ ನಿಲ್ದಾಣಗಳ ಹೆಸರುಗಳು ಈಗಲೂ ಆ ದಾರಿಯ ಮೇಲಿವೆ. ಊರಿಗೂ ನಿಲ್ದಾಣಕ್ಕೂ ನಡುವೆ ಬಂಡಿಯ ಹಾದಿ ಉಳಿದಿತ್ತು. ಆದರೂ ಸೊಲ್ಲಾಪುರದ ಪೇಟೆಯ ಸರಕು ಹತ್ತಿರವಾಯಿತು. 1924ರ ಉಕ್ಕು ಉದ್ಯಮ ಸಂರಕ್ಷಣಾ ಕಾಯಿದೆಯಲ್ಲಿ ಹೊರದೇಶದ ತಂತಿಗೂ ತಂತಿ ಮೊಳೆಗೂ ರಕ್ಷಣಾ ಸುಂಕ ಹಾಕಿ, ಈ ದೇಶದಲ್ಲಿಯೇ ಅವುಗಳ ತಯಾರಿಕೆಗೆ ಆಸರೆ ಕೊಡಬೇಕಾಯಿತೆಂದರೆ, ಆ ವೇಳೆಗೆ ಮೊಳೆ ಎಷ್ಟು ದೊಡ್ಡ ವ್ಯಾಪಾರವಾಗಿತ್ತೆಂದು ಊಹಿಸಬಹುದು.

ಇದರಿಂದ ಬಡವರಿಗೆ ಉಪಕಾರವಾಯಿತು. ಕಮ್ಮಾರನ ಒಂದು ಮೊಳೆಯ ಜಾಗದಲ್ಲಿ ಅಂಗಡಿಯ ಹತ್ತು ಮೊಳೆ ಬಂದವು. ಹಿಂದೆ ತಟ್ಟಿ ಕಟ್ಟಿಕೊಂಡು ಕಾಲ ಕಳೆಯುತ್ತಿದ್ದ ಮನೆಗೂ ಹಲಗೆಯ ಕದ ಬಂದಿತು. ಆದರೆ ಒಂದು ವ್ಯತ್ಯಾಸವೂ ಬಂದಿತು. ಕಮ್ಮಾರನ ಮೊಳೆ ಚೌಕಾಕಾರದ್ದು, ಮೈ ಒರಟು, ತುದಿಯವರೆಗೆ ಸಣ್ಣಗಾಗುತ್ತ ಹೋಗುವಂಥದು. ಅದರ ಒರಟು ಮೈಗೆ ನಾರು ಚೆನ್ನಾಗಿ ಕಚ್ಚಿಕೊಳ್ಳುತ್ತಿತ್ತು. ಮೆದುವಾದುದರಿಂದ ಮಡಿಚುವುದೂ ಸುಲಭ. ತಂತಿಯ ಮೊಳೆ ದುಂಡಗೆ, ನುಣ್ಣಗೆ. ಹೊಡೆಯುವುದು ಎಷ್ಟು ಸುಲಭವೋ ಸಡಿಲಾಗುವುದೂ ಅಷ್ಟೇ ಸುಲಭ. ಎಲ್ಲಕ್ಕಿಂತ ಮಿಗಿಲಾಗಿ ಮೊಳೆ ಅಗ್ಗವಾದ ಮೇಲೆ ಕಾಯುವ ಗುಣ ದುಬಾರಿಯಾಯಿತು. ಕೂಡಿಕೆ ಕಡೆಯಲು ಒಂದು ದಿನ ಬೇಕಾಗುವಲ್ಲಿ ನಾಲ್ಕು ಮೊಳೆ ಹೊಡೆದು ಮುಗಿಸಬಹುದಾಯಿತು.

ಸಿಂದಗಿಯಲ್ಲಿ ನನಗೆ ಪರಿಚಯವಿದ್ದ ಹಿರಿಯ ಬಡಿಗರೊಬ್ಬರನ್ನು ಒಮ್ಮೆ ಈ ವಿಷಯ ಕೇಳಿದೆ. ಅವರು ಮಾಡುತ್ತಿದ್ದ ಕೆಲಸ ಬಿಡದೆಯೇ ಹೇಳಿದರು: "ಎದ್ದ ಮೊಳಿ ಮತ್ತ ಅದೇ ತೂತಿನ್ಯಾಗ ಬಡೀಬ್ಯಾಡ್ರಿ ಸರ. ಅಳ್ಳಾಡೋ ಹಲ್ಲು ಒತ್ತಿದ್ರ ಗಟ್ಟಿ ಆಗ್ತೈತೇನ್ರಿ? ಮೊದಲ ಅದು ಯಾಕ ಎದ್ದೈತಿ ಅಂತ ನೋಡ್ರಿ. ಆಮ್ಯಾಲ ಕೈ ಹಚ್ರಿ."

ಅವರು ತೋರಿಸಿಕೊಟ್ಟ ಕ್ರಮ ಇದು. ಎದ್ದ ಮೊಳೆಯ ತಲೆಯ ಕೆಳಗೆ ಚೂರು ಹಲಗೆ ಇಟ್ಟು, ಕದಕ್ಕೆ ಗಾಯವಾಗದಂತೆ ಇಕ್ಕಳದಿಂದ ಅದನ್ನು ನೇರವಾಗಿ ಎಳೆಯಬೇಕು. ತೂತಿಗೆ ಅದೇ ಜಾತಿಯ ಒಣ ಮರದ ಸೀಳನ್ನು ಅಂಟು ಸವರಿ ಬಿಗಿಯಾಗಿ ಹೊಡೆದು, ಒಣಗಿದ ಮೇಲೆ ಸಮಕ್ಕೆ ಕೊಯ್ಯಬೇಕು. ಆಮೇಲೆ ಹಲಗೆಯನ್ನು ಒಳಗಿನ ಪಟ್ಟಿಗೆ ಒತ್ತಿ ಹಿಡಿದು, ಹಳೆಯ ತೂತಿನಿಂದ ಒಂದು ಒಂದೂವರೆ ಇಂಚು ಆಚೆಗೆ ಹೊಸ ತೂತು ಕೊರೆದು ತಿರುಪುಮೊಳೆ ಹಾಕಬೇಕು. ತಿರುಪಿನ ಸುತ್ತುಗಳು ನಾರನ್ನು ಕಚ್ಚಿಕೊಳ್ಳುವುದರಿಂದ ಅದು ಸುಲಭಕ್ಕೆ ಹಿಂದೆ ಸರಿಯದು. ಮೊಳೆಯೇ ಬೇಕೆಂದರೆ ಎರಡು ಮೊಳೆಗಳನ್ನು ಒಂದಕ್ಕೊಂದು ಎದುರಾಗಿ ಓರೆಯಾಗಿ ಹೊಡೆಯಬೇಕು. ಒಂದು ಎಳೆದ ದಿಕ್ಕಿಗೆ ಇನ್ನೊಂದು ಬರುವುದಿಲ್ಲ. ಹಲಗೆಯ ಹಿಂದೆ ಕೈ ಹೋಗುವಂತಿದ್ದರೆ ದಾಟಿಸಿ ಮಡಿಚುವುದಕ್ಕಿಂತ ಮಿಗಿಲಾದ ಉಪಾಯವಿಲ್ಲ. ತುಕ್ಕು ಹಿಡಿದ ಮೊಳೆಯನ್ನು ಮಾತ್ರ ಒಳಗೆ ಬಿಡಬಾರದು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಮರವನ್ನು ಒಳಗಿನಿಂದಲೇ ಸೀಳುತ್ತದೆ.

ಪಟ್ಟಣದ ಹೊಸ ಮನೆಗಳಲ್ಲಿ ಜಿಪ್ಸಂ ಹಲಗೆಯ ಒಳಮಾಳಿಗೆಗಳಿವೆ. ಅವುಗಳನ್ನು ಮರದ ಪಟ್ಟಿಗೆ ಬಿಗಿದಿದ್ದರೆ ಅಲ್ಲಿಯೂ ಇದೇ ಕಥೆ. ಪಟ್ಟಿ ಒಣಗಿದಾಗ ಬಣ್ಣದ ಕೆಳಗೆ ಮೊಳೆಯ ತಲೆ ಮೊಡವೆಯಂತೆ ಕಾಣಿಸಿಕೊಳ್ಳುತ್ತದೆ. ಅದರ ಮೇಲೆ ಬರಿಯ ಲಪ್ಪ ಹಚ್ಚಿ ಬಣ್ಣ ಬಳಿದರೆ ಮುಂದಿನ ವರ್ಷ ಅದು ಮತ್ತೆ ಹಾಜರು. ಪಕ್ಕದಲ್ಲಿ ತಿರುಪುಮೊಳೆ ಹಾಕಿ ಹಲಗೆಯನ್ನು ಬಿಗಿಸಿದ ಮೇಲೆಯೇ ಲಪ್ಪ, ಬಣ್ಣಗಳ ಮಾತು. ಮರ ಒಂದು ಪೂರ್ತಿ ಬೇಸಗೆ ಆ ಮನೆಯ ಗಾಳಿಯಲ್ಲಿಯೇ ಒಣಗುವಂತೆ ಬಿಟ್ಟು ಆಮೇಲೆ ಮೊಳೆ ಹೊಡೆದರೆ ಈ ತೊಂದರೆಯ ಬಹುಭಾಗ ಹುಟ್ಟುವುದೇ ಇಲ್ಲ.

ಇಷ್ಟರಲ್ಲೇ ನನ್ನ ಮಾತು ಮುಗಿಯುವಂತಿದ್ದರೆ ಇದು ಬರಿಯ ಗೃಹಕೃತ್ಯದ ವಿಷಯವಾಗುತ್ತಿತ್ತು. ಆದರೆ ಈ ಸೀಮೆಯ ಜನ ಎರಡು ಬಾರಿ ಮನೆಯ ಕೂಡಿಕೆಗಳನ್ನು ಬೇರೆಯೇ ಕಣ್ಣಿನಿಂದ ನೋಡಬೇಕಾಯಿತು.

ಮೊದಲನೆಯದು ಕೃಷ್ಣೆಯ ದಂಡೆಯ ಮಾತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಮೇಲ್ದಂಡೆ ಯೋಜನೆ ದಶಕಗಳ ಕಾಲ ನಡೆಯಿತು; ಆಲಮಟ್ಟಿಯ ಜಲಾಶಯ 2006ರಲ್ಲಿ ನಾಡಿಗೆ ಅರ್ಪಿತವಾಯಿತು. ಬಾಗೇವಾಡಿ, ಮುದ್ದೇಬಿಹಾಳ ಸೀಮೆಯ ದಂಡೆಯ ಊರುಗಳೂ ನೀರಿನ ಪಾಲಾದವು. ಊರು ಬಿಡುವಾಗ ಜನ ಗೋಡೆಯನ್ನು ಬಿಟ್ಟರು, ಮರವನ್ನು ಬಿಡಲಿಲ್ಲ. ಕದ, ಚೌಕಟ್ಟು, ಕಂಬ, ತೊಲೆಗಳನ್ನು ಬಿಚ್ಚಿ ಬಂಡಿಗೆ, ಟ್ರ್ಯಾಕ್ಟರಿಗೆ ಹೇರಿದರು. ಆಗ ನಾನು ಗಮನಿಸಿದ್ದೇನೆ. ಬೆಣೆ ಹೊಡೆದು ಕೂಡಿಸಿದ ಮರ ಬೆಣೆ ತೆಗೆದೊಡನೆ ಇದ್ದಂತೆಯೇ ಬಿಚ್ಚಿಕೊಂಡು ಬಂದಿತು, ಹೊಸ ಊರಿನಲ್ಲಿ ಮತ್ತೆ ಕೂಡಿತು. ಮೊಳೆ ಹೊಡೆದು ಮುಗಿಸಿದ್ದ ಮರ ಎಳೆಯುವಾಗ ಸೀಳಿತು. ಅಜ್ಜ ಕಟ್ಟಿದ ಮನೆಯಲ್ಲಿ ಎಷ್ಟು ಮೊಮ್ಮಗನ ಜೊತೆಗೆ ಬರುತ್ತದೆ ಎಂಬುದನ್ನು ಅಜ್ಜನ ಬಡಿಗ ನಿರ್ಧರಿಸಿದ್ದ.

ಎರಡನೆಯದು 1993ರ ಸೆಪ್ಟೆಂಬರ್ 30ರ ನಸುಕು. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದ ಹೊತ್ತು. ಲಾತೂರು ಜಿಲ್ಲೆಯ ಕಿಲ್ಲಾರಿಯ ಸುತ್ತ ಭೂಮಿ ನಡುಗಿತು. 7000ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯ ಮನೆಗಳು ನಮ್ಮ ಇಂಡಿ, ಸಿಂದಗಿಗಳ ಮನೆಗಳ ಒಡಹುಟ್ಟಿದವು: ಅದೇ ಕಲ್ಲು ಮಣ್ಣಿನ ಗೋಡೆ, ವರ್ಷ ವರ್ಷವೂ ಹಾಕಿದ ಮಣ್ಣಿನಿಂದ ದಪ್ಪವಾದ ಅದೇ ಮಾಳಿಗೆ. ಗೋಡೆಯನ್ನೇ ನಂಬಿದ್ದ ಮಾಳಿಗೆ ಗೋಡೆಯೊಡನೆ ಬಿದ್ದಿತು. ಮರದ ಕಂಬ, ತೊಲೆಗಳ ಚೌಕಟ್ಟು ಗಟ್ಟಿಯಾಗಿ ಕೂಡಿದ್ದ ಮನೆಗಳಲ್ಲಿ ಗೋಡೆ ಹೊರಗೆ ಉರುಳಿದರೂ ಮಾಳಿಗೆ ನಿಂತು ಒಳಗಿದ್ದವರು ಬದುಕಿದ್ದುಂಟು. ಆಮೇಲೆ ತಜ್ಞರು ಕೊಟ್ಟ ಸಲಹೆಗಳಲ್ಲಿ ಮುಖ್ಯವಾದವು ಎರಡು: ಮಾಳಿಗೆಯ ಮಣ್ಣಿನ ಭಾರ ಇಳಿಸಿರಿ, ಕಂಬ ತೊಲೆ ಸೇರುವ ಮೂಲೆಗೆ ಓರೆಯ ಆಸರೆ ಕೊಟ್ಟು ಕೂಡಿಕೆಯನ್ನು ಬಿಗಿಮಾಡಿರಿ. 2021ರಲ್ಲಿ ವಿಜಯಪುರ ಜಿಲ್ಲೆಯಲ್ಲಿಯೇ ಹಲವು ಸಲ ಲಘು ಕಂಪನಗಳಾದಾಗ, ಹಳೆಯ ಮನೆಗಳಲ್ಲಿ ಮಲಗಿದ್ದವರು ತಲೆಯೆತ್ತಿ ಜಂತಿಗಳನ್ನು ನೋಡಿದರು.

ಆದ್ದರಿಂದ ಎದ್ದ ಮೊಳೆಗಳಲ್ಲಿ ಎರಡು ಜಾತಿಯೆಂದು ತಿಳಿಯುವುದು ಒಳ್ಳೆಯದು. ಕದದ ಮೇಲೋ ಕಪಾಟಿನ ಮೇಲೋ ಅಲ್ಲೊಂದು ಇಲ್ಲೊಂದು ಎದ್ದರೆ ಅದು ಋತುವಿನ ಕೆಲಸ. ಹೇಳಿದ ರೀತಿಯಲ್ಲಿ ಸರಿಪಡಿಸಬಹುದು. ಆದರೆ ಒಂದೇ ಸಾಲಿನ ಮೊಳೆಗಳು ಒಟ್ಟಿಗೆ ಎದ್ದಿದ್ದರೆ, ಅವುಗಳ ಹತ್ತಿರದ ಗೋಡೆಯಲ್ಲಿ ಬಿರುಕು ಇದ್ದರೆ, ನಿನ್ನೆ ಸಲೀಸಾಗಿ ಹಾಕುತ್ತಿದ್ದ ಕದ ಇಂದು ಹೊಸ್ತಿಲಿಗೆ ತಾಕುತ್ತಿದ್ದರೆ, ಅಥವಾ ಕಂಬ ತೊಲೆಗಳು ಕೂಡುವ ಜಾಗದಲ್ಲಿ ಮೊಳೆ ಹೊರಬಂದಿದ್ದರೆ ಸುತ್ತಿಗೆ ಮುಟ್ಟಬಾರದು. ಅಡಿಪಾಯ ಸರಿದಿರಬಹುದು, ಭಾರ ಹೆಚ್ಚಾಗಿರಬಹುದು, ಗೆದ್ದಲು ಮರವನ್ನು ತಿಂದಿರಬಹುದು. ಅಂಥ ಮೊಳೆಯನ್ನು ಬಡಿದು ಒಳಗೆ ಕಳಿಸುವುದೆಂದರೆ ಎಚ್ಚರಿಸಲು ಬಂದವನ ಬಾಯಿ ಮುಚ್ಚಿದಂತೆ. ಮೊದಲು ತಿಳಿದ ಬಡಿಗರನ್ನೂ ಗೌಂಡಿಯನ್ನೂ ಕರೆದು ತೋರಿಸಬೇಕು.

ಹಿಂದೆ ಇಂಡಿ ತಾಲ್ಲೂಕಿನಲ್ಲಿದ್ದ ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಮುಂದೆ ಕುಳಿತ ತಾಯಂದಿರ ಹಾಡುಗಳನ್ನು ಸಂಗ್ರಹಿಸಿದರು. 'ಗರತಿಯ ಹಾಡು' 1931ರಲ್ಲಿ ಹೊರಬಂದು ಕನ್ನಡಕ್ಕೆ ದೊಡ್ಡ ಆಸ್ತಿಯಾಯಿತು. ಬಾಚಿ, ಉಳಿ, ಬೈರಿಗೆಗಳನ್ನು ಹಿಡಿದವರ ಮಾತುಗಳನ್ನು ಅಷ್ಟು ಪ್ರೀತಿಯಿಂದ ಕೂಡಿಟ್ಟವರು ಕಡಮೆ. ಯಾವ ಮರವನ್ನು ಯಾವ ತಿಂಗಳಲ್ಲಿ ಕಡಿಯಬೇಕು, ಎಷ್ಟು ಕಾಲ ಒಣಗಿಸಬೇಕು, ಎಲ್ಲಿ ಬೆಣೆ, ಎಲ್ಲಿ ಮೊಳೆ ಎಂಬ ತಿಳಿವಳಿಕೆ ಇನ್ನೂ ಕೆಲವು ಹಿರಿಯರ ಕೈಗಳಲ್ಲಿದೆ. ನಮ್ಮ ನಮ್ಮ ಊರಿನಲ್ಲಿ ಅಂಥವರು ಇದ್ದರೆ ಅವರ ಹತ್ತಿರ ಕುಳಿತು ಕೇಳಿ ಬರೆದಿಡುವುದು ಸಾಹಿತ್ಯದ ಮೇಲೆ ಪ್ರೀತಿಯುಳ್ಳವರಿಗೆ ತಕ್ಕ ಕೆಲಸವೆಂದು ನನಗೆ ತೋರುತ್ತದೆ. ಮನೆಯಲ್ಲಿ ಮೊಳೆಯೊಂದು ಎದ್ದ ದಿನ ಅದನ್ನು ಬಡಿಯುವ ಬದಲು ಅವರನ್ನು ಕರೆಸಿರಿ. ಮೊಳೆಯೂ ಸರಿಹೋದೀತು, ಮಾತೂ ಉಳಿದೀತು.